ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿಯಬೇಡಿ

ಹಳೆಯ ಕಾರಿನ ಕ್ರ್ಯಾಂಕ್ ಪುಲ್ಲಿಯನ್ನು ಮನೆಯಲ್ಲೇ ಬದಲಾಯಿಸಬೇಕೆಂದಿರುವವರು ದಯವಿಟ್ಟು ಇದನ್ನು ಓದಿದ ಮೇಲೆ ಪಾನಾ ಹಿಡಿಯಿರಿ. ಇಂಜಿನ್ನಿನಲ್ಲಿ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವೇ ಕ್ರ್ಯಾಂಕ್‌ಶಾಫ್ಟ್. ಅದರ ತುದಿಗೆ ಬೋಲ್ಟಿನಿಂದ ಕೂತು, ಬೆಲ್ಟಿನ ಮೂಲಕ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಸ್ಟೀರಿಂಗ್ ಪಂಪ್ ಮುಂತಾದವನ್ನು ಓಡಿಸುವ ಚಕ್ರ ಈ ಪುಲ್ಲಿ. ಹೊಸ ಪುಲ್ಲಿ ಹಾಕಲು ಹೋಗಿ ನಾನು ಕ್ರ್ಯಾಂಕ್‌ಶಾಫ್ಟನ್ನೇ ಹಾಳುಮಾಡಿಕೊಂಡೆ.

ನನ್ನ ಕಾರಿಗೆ ಹದಿನೆಂಟು ವರ್ಷ. ಇಂಜಿನ್ ಐಡಲ್‌ನಲ್ಲಿದ್ದಾಗ ಮುಂಭಾಗದಿಂದ ಕಟಕಟ ಸದ್ದು ಬರುತ್ತಿತ್ತು, ಬೆಲ್ಟಿನ ಅಂಚು ನೂಲುನೂಲಾಗಿ ಎದ್ದಿತ್ತು. ಬಾನೆಟ್ ಎತ್ತಿ ನೋಡಿದರೆ ಪುಲ್ಲಿ ಓಲಾಡುತ್ತಾ ತಿರುಗುತ್ತಿತ್ತು. ಇಂಥ ಪುಲ್ಲಿ ಒಂದೇ ಲೋಹದ ತುಂಡಲ್ಲ. ನಡುವಿನ ಭಾಗಕ್ಕೂ ಹೊರಗಿನ ಬಳೆಗೂ ಮಧ್ಯೆ ರಬ್ಬರ್ ಪದರ ಇರುತ್ತದೆ. ಸಿಲಿಂಡರಿನ ಒಂದೊಂದು ಹೊಡೆತಕ್ಕೂ ಕ್ರ್ಯಾಂಕ್‌ಶಾಫ್ಟ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಆ ನಡುಕವನ್ನು ರಬ್ಬರು ಮತ್ತು ಹೊರಬಳೆ ಸೇರಿ ತಗ್ಗಿಸುತ್ತವೆ. ಕಾವು, ಸೋರಿದ ಆಯಿಲ್, ವಯಸ್ಸು ಎಲ್ಲ ಸೇರಿ ರಬ್ಬರ್ ಬಿರಿದರೆ ಹೊರಬಳೆ ಜಾರತೊಡಗುತ್ತದೆ. ಇಂಜಿನ್ನಿನ ಟೈಮಿಂಗ್ (ಕಿಡಿ, ವಾಲ್ವ್‌ಗಳ ಹೊತ್ತು) ಹೊಂದಿಸಲು ನೋಡುವ ಗುರುತು ಆ ಬಳೆಯ ಮೇಲಿದ್ದರೆ ಅದನ್ನೂ ನಂಬುವಂತಿಲ್ಲ.

ಬಿಚ್ಚುವ ಕೆಲಸ ಸರಿಯಾಗಿಯೇ ಆಯಿತು. ಬ್ಯಾಟರಿಯ ನೆಗೆಟಿವ್ ತೆಗೆದು, ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಶಾಫ್ಟ್ ತಿರುಗದಿರಲೆಂದು ಐದನೇ ಗೇರಿಗೆ ಹಾಕಿ, ಒಬ್ಬರನ್ನು ಬ್ರೇಕ್ ಒತ್ತಿ ಕೂರಿಸಿ, ಪಾನಾಕ್ಕೆ ಉದ್ದ ಪೈಪ್ ಸಿಕ್ಕಿಸಿ ಎಳೆದು ಬೋಲ್ಟ್ ಸಡಿಲಿಸಿದೆ. ಪಾನಾ ಸಿಕ್ಕಿಸಿ ಸ್ಟಾರ್ಟರ್ ಹೊಡೆದು ಬೋಲ್ಟ್ ಸಡಿಲಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ, ಬೇಡ. ಪಾನಾ ಜಾರಿದರೆ ಕೈ ಮುರಿಯುತ್ತದೆ. ಪುಲ್ಲಿ ಬರದಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಪುಲ್ಲರಿನ ಕೊಕ್ಕೆಗಳನ್ನು ಹೊರಬಳೆಗೆ ಹಾಕಬೇಡಿ. ನಡುವಿನ ಭಾಗದ ತೂತುಗಳಿಗೆ ಬೋಲ್ಟ್ ಹಾಕಿ ಎಳೆಯುವ ಪುಲ್ಲರ್ ಬೇಕು.

ನಾನು ತಪ್ಪಿದ್ದು ಮತ್ತೆ ಬಿಗಿಯುವಾಗ. ತಿರುಗಿಸುವ ಬಲವನ್ನು (ಟಾರ್ಕ್) ಅಳೆದು ಬಿಗಿಯುವ ಟಾರ್ಕ್ ರೆಂಚ್ ಇರಲಿಲ್ಲ. ಹಳೆಯ ಬೋಲ್ಟ್ ನೋಡಲು ಚೆನ್ನಾಗಿಯೇ ಇತ್ತು, ಅದನ್ನೇ ಹಾಕಿ ತೋಳಿನ ಬಲಕ್ಕೆ ಸಾಕೆನಿಸುವಷ್ಟು ಬಿಗಿದೆ. ಎಷ್ಟೋ ಕಾರುಗಳಲ್ಲಿ ಚಕ್ರದ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್ ಸಾಕು. ಕ್ರ್ಯಾಂಕ್ ಬೋಲ್ಟಿಗೆ ಹಲವು ಇಂಜಿನ್‌ಗಳಲ್ಲಿ ಅದರ ಒಂದೂವರೆ, ಎರಡು ಪಟ್ಟು ಬೇಕು. ಕೆಲವಕ್ಕೆ ಮೊದಲು ಇಷ್ಟು ಟಾರ್ಕ್, ಆಮೇಲೆ ಇಷ್ಟು ಡಿಗ್ರಿ ತಿರುವು ಎಂಬ ಲೆಕ್ಕ. ಅಂಥ ಬೋಲ್ಟ್ ಬಿಗಿಯುವಾಗ ಹಿಗ್ಗುತ್ತದೆ, ಆದ್ದರಿಂದ ಎರಡನೇ ಸಲಕ್ಕೆ ಸಾಮಾನ್ಯವಾಗಿ ಬರುವುದಿಲ್ಲ.

ಮೂರು ವಾರಕ್ಕೆ ಸದ್ದು ಮರಳಿತು. ಬೆಲ್ಟ್ ಸಡಿಲವಾಗಿದೆಯೆಂದು ಅದನ್ನು ಬಿಗಿದು ಓಡಿಸುತ್ತಲೇ ಇದ್ದೆ. ಆ ದಿನವೇ ಬೋಲ್ಟ್ ನೋಡಿದ್ದರೆ ಇಂಜಿನ್ ಉಳಿಯುತ್ತಿತ್ತೇನೋ, ಇದು ನನ್ನನ್ನು ಈಗಲೂ ಕಾಡುತ್ತದೆ. ಒಂದು ಸಂಜೆ ರಸ್ತೆಯಲ್ಲಿ ಬ್ಯಾಟರಿ ದೀಪ ಹತ್ತಿತು, ಸ್ಟೀರಿಂಗ್ ಭಾರವಾಯಿತು, ಪಕ್ಕಕ್ಕೆ ತರುವಷ್ಟರಲ್ಲಿ ಇಂಜಿನ್ ನಿಂತಿತು.

ಬಿಚ್ಚಿ ನೋಡಿದಾಗ ಬೋಲ್ಟ್ ಸಡಿಲ, ಕೀ (ಶಾಫ್ಟಿನ ಸೀಳಿನಲ್ಲಿ ಕೂತು ಪುಲ್ಲಿಯ ಜಾಗ ತೋರಿಸುವ ಸಣ್ಣ ಲೋಹದ ಚೂರು) ಅರ್ಧ ತುಂಡು, ಶಾಫ್ಟಿನಲ್ಲಿ ಕೀ ಕೂರುವ ಸೀಳು ಅಗಲವಾಗಿತ್ತು. ನನ್ನ ಇಂಜಿನ್ನಿನಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟಿನ ಹಲ್ಲುಚಕ್ರವನ್ನೂ ಅದುಮಿ ಹಿಡಿಯುವುದು ಇದೇ ಬೋಲ್ಟ್. ಆ ಹಲ್ಲುಚಕ್ರವೂ ಜಾಗ ಬಿಟ್ಟು ಸರಿದು, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗಿದ್ದವು. ಮೆಕ್ಯಾನಿಕ್ ಬೈಯಲಿಲ್ಲ. "ಸರ್, ಕೀ ಇರೋದು ಜಾಗ ತೋರ್ಸೋಕೆ. ಹಿಡ್ಕೊಳ್ಳೋದು ಬೋಲ್ಟಿನ ಬಿಗಿ" ಅಂದರು. ಕೆಲವು ಇಂಜಿನ್‌ಗಳಲ್ಲಂತೂ ಕೀಯೇ ಇರುವುದಿಲ್ಲ. ಅಂಥದ್ದರಲ್ಲಿ ಲಾಕ್ ಮಾಡುವ ಟೂಲ್ ಇಲ್ಲದೆ ಬೋಲ್ಟ್ ಸಡಿಲಿಸಿದರೆ ಆಗಲೇ ಟೈಮಿಂಗ್ ತಪ್ಪಬಹುದು. ಕ್ರ್ಯಾಂಕ್‌ಶಾಫ್ಟ್ ಬದಲಿಸಲು ನನ್ನ ಇಂಜಿನ್ ಪೂರ್ತಿ ಇಳಿಸಬೇಕಾಯಿತು.

ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನುಯಲ್ ಸಿಗದಿದ್ದರೆ ಈ ಕೆಲಸ ಶುರುಮಾಡಬೇಡಿ. ಬೋಲ್ಟ್ ಹೊಸದು ಬೇಕೇ, ಅದರ ತಿರುಪು ಸುತ್ತುಗಳಿಗೆ ಆಯಿಲ್ ಹಚ್ಚಬೇಕೇ, ಒಣಗಿರಬೇಕೇ ಎಂಬುದೂ ಅದರಲ್ಲೇ ಇರುತ್ತದೆ. ಒಂದಕ್ಕೊಂದು ಕೂರುವ ಮುಖಗಳನ್ನು ಜಿಡ್ಡಿಲ್ಲದಂತೆ ಒರೆಸಿ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪುಲ್ಲಿಯ ನಡುಭಾಗಕ್ಕೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ಕೆಲವು ದಿನ ಇಂಜಿನ್ ಆರಿಸಿ ಟಾರ್ಚ್ ಬಿಟ್ಟು ನೋಡಿ. ಗೆರೆ ಎರಡಾಗಿ ಸರಿದಿದ್ದರೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.