ಮಗಳ ಪಾಠ ತಿಳಿಯಲು: ಪಿಡಿಎಫಾ, ಮೇಷ್ಟ್ರಾ, ಆರ್‌ಟಿಐ ಅರ್ಜಿಯಾ?

ಚಿಂತಾಮಣಿ ಕಡೆಯ ತಾಯಿಯೊಬ್ಬರು ಕೇಳಿದ್ದಾರೆ: ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿನ ಮಗಳಿಗೆ ಏನು ಕಲಿಸುತ್ತಾರೆ ಅಂತ ತಿಳಿಯಲು ಯಾವ ದಾರಿ ಹಿಡಿಯಲಿ?

ಖರ್ಚು ನೋಡೋಣ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕದ ಪಿಡಿಎಫ್ ಉಚಿತ. ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಶಾಲೆಗೆ ಹೋಗಿ ಕೇಳಲು ದುಡ್ಡು ಬೇಡ, ಆದರೆ ಕೂಲಿಯವರಿಗೆ ಅರ್ಧ ದಿನದ ದುಡಿಮೆ ಹೋಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಮಯ? ಪಿಡಿಎಫ್ ಇವತ್ತೇ ಸಿಗುತ್ತದೆ. ಆರ್‌ಟಿಐ ಉತ್ತರಕ್ಕೆ 30 ದಿನದ ಗಡುವಿದೆ.

ಕೊನೆಗೆ ಏನು ಗೊತ್ತಾಗುತ್ತದೆ ಅನ್ನುವುದೇ ಮುಖ್ಯ, ಅಲ್ವಾ? ಪುಸ್ತಕದಲ್ಲಿ ಯಾವ ಪಾಠಗಳಿವೆ ಅಂತ ಪಿಡಿಎಫ್ ಹೇಳುತ್ತದೆ. ಕ್ಲಾಸಿನಲ್ಲಿ ಎಷ್ಟು ಮುಗಿದಿದೆ, ಮಗಳು ಭಿನ್ನರಾಶಿಯಲ್ಲಿ ಎಲ್ಲಿ ತಡವರಿಸುತ್ತಾಳೆ ಅನ್ನುವುದನ್ನು ಮೇಷ್ಟ್ರೇ ಹೇಳಬೇಕು. ಪಾಠ ಯೋಜನೆ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಒಬ್ಬರೇ ಕೇಳಲು ಹಿಂಜರಿಕೆಯಾದರೆ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಿಮ್ಮಂಥ ಪೋಷಕರೇ ಇದ್ದಾರೆ, ಅವರನ್ನು ಜೊತೆಗೆ ಕರೆದುಕೊಳ್ಳಿ.

ಮನೆಯಲ್ಲಿ ಕೂತು ಓದಿಸುವುದಾದರೆ ಪಿಡಿಎಫ್ ಸಾಕು. ಮಗಳು ಹಿಂದೆ ಬಿದ್ದಿದ್ದಾಳೆ ಅನ್ನಿಸಿದರೆ ಮೊದಲು ಮೇಷ್ಟ್ರ ಹತ್ತಿರ ಹೋಗಿ. ಕೇಳಿ ಕೇಳಿ ಸಾಕಾದರೆ, ಅಥವಾ ಬರಹದಲ್ಲೇ ಉತ್ತರ ಬೇಕಾದರೆ ಆರ್‌ಟಿಐ ಹಾಕಿ. ಒಂದೇ ವಿಷಯ, 150 ಪದದೊಳಗೆ ಇರಲಿ. ಸುಮ್ನೆ ‘ಯಾಕೆ ಹೀಗೆ’ ಅಂತ ಬರೆಯಬೇಡಿ, ಯಾವ ದಾಖಲೆಯ ಪ್ರತಿ ಬೇಕು ಅಂತ ಬರೆಯಿರಿ.