ಬಾಣಂತಿಯ ಮನೆಗೆ ಬರುವ ಆಶಾ ಅಕ್ಕ

ಮಗು ಹುಟ್ಟಿದ ಮೇಲೆ ಆಶಾ ಕಾರ್ಯಕರ್ತೆಯರು ಮನೆಗೇ ಬಂದು ನೋಡುವ ಸರ್ಕಾರಿ ಸೇವೆ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾರೆ. ಮನೆಯಲ್ಲೇ ಆದರೆ ಮೊದಲ ದಿನವೂ. ನಾವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ನನ್ನ ಬಾಣಂತನ ತಿಪಟೂರಿನ ಕಡೆ, ತವರಿನಲ್ಲಿ. ಅಲ್ಲಿಯ ಆಶಾ ಅಕ್ಕ ಬಂದವರೇ ಸೋಪು ಹಚ್ಚಿ ಕೈ ತೊಳೆದರು. ಮಗುವನ್ನು ಜೋಲಿಯ ತಕ್ಕಡಿಯಲ್ಲಿ ತೂಗಿ, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು. ಆಮೇಲೆ ಅಂಗಿ ಮೇಲೆತ್ತಿ, ಉಸಿರಿಗೆ ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದರು. ನಡುವೆ ಮಗು ಅತ್ತಿತು. ಅದು ಸುಮ್ಮನಾಗುವವರೆಗೆ ಕಾದು ಮತ್ತೆ ಒಂದರಿಂದ ಶುರುಮಾಡಿದರು. ಉಸಿರು 60 ಅಥವಾ ಅದಕ್ಕೂ ಹೆಚ್ಚಿದ್ದರೆ, ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಬೆಳಗಾಗಲೆಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ ಎಂದರು.

ಅಷ್ಟರಲ್ಲಿ ಅಮ್ಮ ಮಗುವಿನ ಹೊಕ್ಕುಳಿಗೆ ಹಚ್ಚಲು ಹರಳೆಣ್ಣೆ ಬಟ್ಟಲು ತಂದರು. "ಹೊಕ್ಕುಳಿಗೆ ಏನೂ ಬೇಡಮ್ಮಾ, ಒಣಗಿ ತಾನೇ ಬೀಳಲಿ. ಎಣ್ಣೆಯನ್ನು ಮಗಳ ಬೆನ್ನಿಗೆ ತಿಕ್ಕಿ" ಎಂದರು ಅಕ್ಕ. ಆಸ್ಪತ್ರೆಯಲ್ಲಿ ನರ್ಸ್ ಇದನ್ನೇ ಹೇಳಿದಾಗ ಅಮ್ಮ ಸುಮ್ಮನೆ ತಲೆಯಾಡಿಸಿದ್ದರು. ಬಟ್ಟಲು ಕೈಯಲ್ಲಿರುವಾಗ, ಊರಿನ ಹೆಣ್ಣುಮಗಳೇ ಎದುರು ಕೂತು ಹೇಳಿದ್ದು ಮನಸ್ಸಿಗೆ ನಾಟಿತು. ಈ ಆರು ಭೇಟಿಗೆ ಸೇರಿ ಕೇಂದ್ರದ ಕಾರ್ಯಕ್ರಮ ನಿಗದಿಪಡಿಸಿದ ಪ್ರೋತ್ಸಾಹಧನ 250 ರೂಪಾಯಿ. ಆ ದುಡಿಮೆಗೆ ಅದು ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ.

ತೊಡಕಾದದ್ದು ಆಮೇಲೆ. 2018ರಲ್ಲಿ ಬಂದ ಯೋಜನೆಯ ಪ್ರಕಾರ 3, 6, 9, 12 ಮತ್ತು 15ನೆಯ ತಿಂಗಳಲ್ಲೂ ಭೇಟಿ ಇರಬೇಕು. ಐದು ತುಂಬಿದ ಮೇಲೆ ಗಂಡನ ಮನೆಗೆ ಬಂದೆ. ಇಲ್ಲಿಯ ಪಟ್ಟಿಯಲ್ಲಿ ಮಗುವಿನ ಹೆಸರೇ ಇರಲಿಲ್ಲ, ಆರನೆಯ ತಿಂಗಳಿಗೆ ಯಾರೂ ಬರಲಿಲ್ಲ. ಗಂಜಿ ಎಷ್ಟು ಗಟ್ಟಿ ಇರಬೇಕು, ಕಬ್ಬಿಣಾಂಶದ ಸಿರಪ್ ಯಾವಾಗ ಶುರು ಎಂದು ಕೇಳಬೇಕಾದ ಹೊತ್ತು ಅದು. ಬಾಣಂತನಕ್ಕೆ ತವರು, ಆಮೇಲೆ ಗಂಡನ ಮನೆ ಎನ್ನುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಹೆಸರು ಒಂದೂರಿನ ಪಟ್ಟಿಯಿಂದ ಇನ್ನೊಂದೂರಿನ ಪಟ್ಟಿಗೆ ಹೋಗುವಂತೆ ನೋಡಿಕೊಳ್ಳುವುದು ಇಲಾಖೆಯ ಹೊಣೆ. ಹಸುಗೂಸು ಎತ್ತಿಕೊಂಡ ತಾಯಿ ಅಲೆಯಬಾರದು.

ಸದ್ಯಕ್ಕಂತೂ ಊರು ಬದಲಿಸುವವರು ತಾಯಿ ಕಾರ್ಡ್ ಹಿಡಿದು ಹೋಗಿ, ಹೊಸ ಊರಿನ ಆಶಾ ಮತ್ತು ಅಂಗನವಾಡಿ ಎರಡೂ ಕಡೆ ಹೆಸರು ಬರೆಸಿ. ನಾನು ಬರೆಸಿದ್ದೇನೆ. ಒಂಬತ್ತನೆಯ ತಿಂಗಳಿಗೆ ಬರುತ್ತೇನೆಂದು ಇಲ್ಲಿಯ ಆಶಾ ಹೇಳಿದ್ದಾರೆ. ದಡಾರ-ರುಬೆಲ್ಲಾ ಚುಚ್ಚುಮದ್ದೂ ಅದೇ ತಿಂಗಳಿಗಿದೆ.