ಸ್ಟೇಟಸ್ಸೋ, ಇನ್‌ಸ್ಟಾನೋ, ಫೇಸ್‌ಬುಕ್ಕೋ?

ಬೆಳಗಿನ ರಂಗೋಲಿ, ಮಗುವಿನ ತೊದಲು ಮಾತು ಇಂಥವಕ್ಕೆ ವಾಟ್ಸಾಪ್ ಸ್ಟೇಟಸ್ಸೇ ಸರಿ. 24 ಗಂಟೆಗೆ ಮಾಯ. ಇಬ್ಬರ ಫೋನಲ್ಲೂ ಪರಸ್ಪರರ ನಂಬರ್ ಸೇವ್ ಆಗಿದ್ದರಷ್ಟೇ ಕಾಣುತ್ತದೆ. ಆದರೆ ಆ ಪಟ್ಟಿಯಲ್ಲಿ ಪ್ಲಂಬರ್, ಗ್ಯಾಸ್ ತರುವವರೂ ಇರುತ್ತಾರೆ. ಮಗುವಿನ ಫೋಟೊ ಹಾಕುವ ಮುನ್ನ ಸ್ಟೇಟಸ್ ಪ್ರೈವಸಿಗೆ ಹೋಗಿ, ‘ಓನ್ಲಿ ಶೇರ್ ವಿತ್’ ಒತ್ತಿ, ನೆಂಟರನ್ನಷ್ಟೇ ಆರಿಸಿ.

ಪ್ರವಾಸದ ಹತ್ತು ಫೋಟೊಗಳಿಗೆ ಇನ್‌ಸ್ಟಾಗ್ರಾಮ್ ಚೆಂದ. ಸ್ಟೋರಿಯೂ 24 ಗಂಟೆಯದ್ದೇ, ಉಳಿಯಬೇಕಾದ್ದನ್ನು ಹೈಲೈಟ್‌ಗೆ ಸೇರಿಸಿ.

ಮಾವಿನ ಮಿಡಿ ಉಪ್ಪಿನಕಾಯಿಯ ವಿಧಾನದಂಥ ಉದ್ದ ಬರಹಕ್ಕೆ ಫೇಸ್‌ಬುಕ್ಕೇ ಬೇಕು: ಉಪ್ಪಿನ ಅಳತೆ ತಪ್ಪಾಗಿದ್ದರೆ ತಿದ್ದಬಹುದು, ವರ್ಷದ ಮೇಲೂ ಹುಡುಕಿದರೆ ಸಿಗುತ್ತದೆ. ಒಂದು ಎಚ್ಚರ: ಹಿಂದಿನ ಸಲ ‘ಪಬ್ಲಿಕ್’ ಇಟ್ಟಿದ್ದರೆ ಮುಂದಿನ ಪೋಸ್ಟಿಗೂ ಅದೇ ಉಳಿದುಬಿಡಬಹುದು. ಪೋಸ್ಟ್ ಯಾರಿಗೆ ಕಾಣುತ್ತದೆಂದು ತೋರಿಸುವ, ಹೆಸರಿನ ಕೆಳಗಿನ ಗುರುತನ್ನು ಪ್ರತಿ ಸಲ ನೋಡಿಯೇ ಹಾಕಿ.